ತಿರುವಿ ಹೊಲಿದ ಕಾಲರ್

"ನಮ್ಮಮ್ಮ ಪಾತ್ರೆಗೆ ಕೊಟ್ಟ ಅಂಗಿ ವಾಪಸ್ ಕೊಡ್ರಿ!"

ಗ್ಯಾರೇಜಿನ ಅಮ್ಜದ್ ಹೀಗೆ ಅಂಗಡಿಗೆ ನುಗ್ಗಿದಾಗ ನಾನು ಹೊಲಿಗೆ ಮೆಷಿನ್ನಿನಿಂದ ತಲೆಯೆತ್ತಲಿಲ್ಲ. ಎತ್ತಿದರೆ ನಗು ಬರುತ್ತಿತ್ತು.

ಕೊಟ್ಟೂರಿನ ಎಸ್‌ಟಿಡಿ ಬೂತ್ ಪಕ್ಕದ ಈ ಅಂಗಡಿ ನಮ್ಮ ಕಾಲೋನಿಯ ಐದು ಹೆಂಗಸರದು. ಕರಿಯಕ್ಕ ಬುಟ್ಟಿ ಹೊತ್ತು ಓಣಿ ಓಣಿ ತಿರುಗಿ, ಸ್ಟೀಲ್ ಪಾತ್ರೆ ಕೊಟ್ಟು ಹಳೇ ಬಟ್ಟೆ ತರುತ್ತಾಳೆ. ಒಗೆದು, ಹೊಲಿದು, ಇಸ್ತ್ರಿ ಹಾಕಿ ಸಂತೆಯಲ್ಲಿ ಮಾರುತ್ತೇವೆ. ಐದು ಮನೆಯ ಒಲೆ ಉರಿಯುವುದು ಇದರಿಂದಲೇ. ಹೊಲಿಗೆ ಬಲ್ಲವಳು ನಾನೊಬ್ಬಳೇ.

"ಒಮ್ಮೆ ತಗೊಂಡಿದ್ದು ವಾಪಸ್ ಕೊಡಂಗಿಲ್ರಿ. ಬೇಕಂದ್ರ ರೊಕ್ಕ ಕೊಟ್ಟು ತಗೊಳ್ರಿ."

"ನನ್ನ ಅಂಗಿ ನಾನ ಕೊಂಡ್ಕೋಬೇಕೇನು ತಬಸ್ಸುಮ್? ಇರೋದು ಅದೊಂದ ಒಳ್ಳೇ ಅಂಗಿ."

"ಸವೆದ ಕಾಲರ್ ಬಿಚ್ಚಿ, ತಿರುವಿ ಹೊಲ್ದೀನಿ. ನೋಡ್ರಿ, ಹೊಸದಾಗೈತಿ."

ಗ್ರೀಸ್ ಹತ್ತದಂತೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಕಾಲರ್ ಮುಟ್ಟಿದ. ಅದನ್ನು ಕಂಡು ನಾನು ಸೋತುಹೋದೆ. ನಿಜ ಹೇಳಬೇಕೆಂದರೆ, ಸೋತು ಎರಡು ವರ್ಷವಾಗಿತ್ತು.

"ನಾಳೆ ಹಗರಿಬೊಮ್ಮನಹಳ್ಳಿಗೆ ಹೆಣ್ಣು ನೋಡಾಕ ಹೊಂಟೀವಿ," ಎಂದ ಮೆಲ್ಲಗೆ.

ಅಂಗಿಗೆ ಮತ್ತೊಮ್ಮೆ ಇಸ್ತ್ರಿ ಹಾಕಿ ಕೊಟ್ಟೆ. ಕಣ್ಣು ತುಂಬಿತ್ತು. ಇದ್ದಲಿನ ಹೊಗೆ ಎಂದೆ. ಯಾಕೆಂದು ಅವನು ಕೇಳಿರಲೂ ಇಲ್ಲ.

ಮರುದಿನ ಸಂಜೆ ಅದೇ ಅಂಗಿ ತೊಟ್ಟು ಬಾಗಿಲಲ್ಲಿ ನಿಂತ.

"ಹೆಣ್ಣು ಒಪ್ಪಿದ್ಲೇನ್ರಿ?" ಧ್ವನಿ ಗಟ್ಟಿಯಾಗಿಯೇ ಇತ್ತು, ಪುಣ್ಯ.

"ಹೋಗ್ಲೇ ಇಲ್ಲ. ನೀ ಹೊಲಿದ ಕಾಲರ್ ಕೊರಳಾಗ ಇಟ್ಕೊಂಡು ಇನ್ನೊಬ್ಬಾಕಿನ್ನ ಹೆಂಗ ನೋಡ್ಲಿ? ಅಮ್ಮ ಮೊದ್ಲು ಬೈದ್ಲು. ಆಮ್ಯಾಲ ನಕ್ಕು, ತಾನ ಬೂತಿಗೆ ಬಂದು, ಬರಂಗಿಲ್ಲ ಅಂತ ಹೆಣ್ಣಿನವ್ರಿಗೆ ಫೋನ್ ಮಾಡಿದ್ಲು."

ಕುಣಿಯಬೇಕು ಅನಿಸಿತು. ಆದರೆ ಹೊರಗೆ ಕರಿಯಕ್ಕ ಬುಟ್ಟಿ ಇಳಿಸುತ್ತಿದ್ದಳು. ನನಗೆ ಐದು ಮನೆಯ ಒಲೆ ನೆನಪಾಯಿತು.

"ಲಗ್ನ ಆದ್ರೂ ಈ ಮೆಷಿನ್ ಬಿಡಂಗಿಲ್ಲ ನಾ. ನಾ ಬಿಟ್ರ ಅಂಗಡಿ ಮುಚ್ಚತೈತಿ. ಇದಕ್ಕ ಒಪ್ಪದಿದ್ರ ಈಗ ಹೇಳ್ಬಿಡ್ರಿ."

ಅವನು ಜೇಬಿನಿಂದ ಪುಟ್ಟ ಎಣ್ಣೆ ಡಬ್ಬಿ ತೆಗೆದು ಮೆಷಿನ್ ಮುಂದೆ ಕುಳಿತ.

"ಬಿಡು ಅಂದವ್ರು ಯಾರು? ಇದು ಕಿರುಗುಟ್ಟೋದು ನನ್ನ ಗ್ಯಾರೇಜಿನ ತನಕ ಕೇಳ್ತೈತಿ."

ಕರಿಯಕ್ಕ ಒಳಗೆ ಇಣುಕಿದಳು. "ಏ ತಬಸ್ಸುಮ್, ನಾಳೆ ಇವ್ರಮ್ಮ ಪೀರ್ ಬೀ ಬಂದು ಮಗನ್ನ ವಾಪಸ್ ಕೇಳಿದ್ರ ಏನ್ ಹೇಳ್ತಿ?"

ಅವನ ಕಾಲರ್ ಮಡಚಿಕೊಂಡಿತ್ತು. ಬಾಗಿ ಸರಿಮಾಡಿದೆ.

"ಒಮ್ಮೆ ತಗೊಂಡಿದ್ದು ವಾಪಸ್ ಕೊಡಂಗಿಲ್ಲ, ಕರಿಯಕ್ಕ."