ಜಾಹಿದ ತುಂಬಿದ ಗ್ಯಾಸು ಎಲ್ಲಿ ಹೋಯಿತು?

ಲಿಂಬಿಕಾಯಿಗೆ ಹೆಸರಾದ ಇಂಡಿ ಊರಿನಲ್ಲಿ ಮೇ ತಿಂಗಳ ಮಧ್ಯಾಹ್ನವೆಂದರೆ ನಾಯಿ ಕೂಡ ಬೊಗಳಲು ಬೇಸರಪಡುವ ಹೊತ್ತು. ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ನೆಲದ ಮೇಲೆ ಆಗಷ್ಟೇ ಅಡ್ಡಾಗಿದ್ದ ರುಕ್ಮಿಣೀಬಾಯಿಗೆ ಬಾಗಿಲು ಬಡಿದ ಸದ್ದು ಕೇಳಿತು. ಬಡಿದವರ ಕೈ ಬಿದ್ದುಹೋಗಲಿ ಎನ್ನಿಸಿತು. ಯಾರೇ ಬಂದರೂ ಬರುವುದು ನಾದಿನಿಯನ್ನು ಹುಡುಕಿಕೊಂಡೇ. ಸಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ವಸುಧಾ ಊರವರ ಕಳವು, ತಂಟೆಗಳ ಗಂಟು ಬಿಡಿಸುವ ಹುಚ್ಚು ಹಚ್ಚಿಕೊಂಡಿದ್ದಳು. ಅವಳ ಹಿಂದೆ ಕಾಲೆಳೆಯುತ್ತ ಊರ ಉಸಾಬರಿ ಹೊರುವ ಕರ್ಮ, ಅವಳು ‘ವೈನಿ’ ಎಂದು ಕರೆಯುವ ಈ ಅತ್ತಿಗೆಯದು.

ಬಂದವನು ಗ್ಯಾರೇಜಿನ ಜಾಹಿದ. ರುಕ್ಮಿಣೀಬಾಯಿ ತಂದುಕೊಟ್ಟ ನೀರನ್ನು ಅವನು ಮುಟ್ಟಲೂ ಇಲ್ಲ.

"ಅಕ್ಕಾರ, ನನ್ನ ಹೆಸರು ಮಣ್ಣಪಾಲಾಗಾಕತ್ತೈತ್ರಿ. ಬ್ಯಾಂಕಿನ ಸಂಜೀವಕುಮಾರ ಸರ್ ಕಾರಿನ ಏಸಿ ಬಿಸಿ ಗಾಳಿ ಬಿಡಾಕತ್ತೈತಿ. ನಾ ಗ್ಯಾಸ್ ತುಂಬಿದ್ರ ತಣ್ಣಗಾಗ್ತೈತಿ, ವಾರದಾಗ ಮತ್ತ ಬಿಸಿ. ಮೊನ್ನೆ ಬಸ್‌ಸ್ಟ್ಯಾಂಡಿನ ಚಹಾದಂಗಡಿ ಮುಂದ, ಮಂದಿಯೆಲ್ಲಾ ಕೇಳೂಹಂಗ, ಗಿರಾಕಿ ತಿರುಗಿ ಬರಲಿ ಅಂತ ಇಂವನs ಏಸಿ ಪೈಪಿಗೆ ತೂತು ಮಾಡ್ತಾನ, ಕಳ್ಳ ಅಂದ್ರು. ಅವತ್ತಿಂದ ಗ್ಯಾರೇಜಿಗೆ ಒಂದು ಗಾಡಿ ಬಂದಿಲ್ರಿ. ಇವತ್ತ ಸಂಜೀಕ ಠಾಣೇಕ ಹೋಗ್ತಾರಂತ."

"ಖರೇ ಹೇಳು. ನೀ ಮಾಡಿಯೇನು?" ಒಳಗಿಂದ ಬಂದ ವಸುಧಾ ಕೇಳಿದಳು.

"ನನ್ನ ಮಕ್ಕಳಾಣೆ ಇಲ್ರಿ. ಸಾಬೂನ ನೀರು ಹಚ್ಚಿ ಮ್ಯಾಲಿನ ಜಾಯಿಂಟೆಲ್ಲಾ ನೋಡೇನಿ, ಒಂದು ಗುಳ್ಳಿ ಎದ್ದಿಲ್ಲ. ಬಂಪರ್ ಬಿಚ್ಚತೇನಿ ಅಂದ್ರ, ಹೊಸಾ ಗಾಡಿಗೆ ಗೀರು ಬೀಳ್ತೈತಿ ಅಂತ ಸರ್ ಬಿಡವಲ್ರು."

"ಬಾನೆಟ್ ತಗದಾಗ ಮತ್ತೇನರ ಗಮನಕ್ಕ ಬಂತೇನು?"

"ಏನಿಲ್ರಿ. ಒಂದೀಟು ಉಪ್ಪಿನಕಾಯಿ ವಾಸನಿ. ಅದೇನು ಬಿಡ್ರಿ, ನನ್ನ ಗ್ಯಾರೇಜ್ ಬಾಜೂಕ ಲಿಂಬಿಕಾಯಿ ಪ್ಯಾಟಿ, ನನ್ನ ಅಂಗೀನೂ ಹಂಗ ನಾರತೈತಿ."

ವಸುಧಾ ಚಪ್ಪಲಿ ಮೆಟ್ಟಿದಳು. "ವೈನೀ, ಏಳ್ರಿ."

"ಬಿಸಲರ ಇಳೀಲಿ ನಮ್ಮವ್ವಾ!"

"ಬಿಸಲು ಇಳಿಯೂದ್ರಾಗ ಆ ಸಂಜೀವ ಠಾಣೇಕ ಹೋಗಿರ್ತಾನ."

ಸಂಜೀವಕುಮಾರನ ಮನೆ ಊರ ಹೊರಗೆ, ಅವರದೇ ದ್ರಾಕ್ಷಿ ತೋಟದ ಪಕ್ಕದಲ್ಲಿತ್ತು. ದಿನಾ ಸಿಂದಗಿಯ ಬ್ಯಾಂಕಿಗೆ ಕಾರಿನಲ್ಲೇ ಹೋಗಿಬರುವ ಅವನು ರವಿವಾರವಾದ್ದರಿಂದ ಮನೆಯಲ್ಲಿದ್ದ. ಒಂದು ಕಾಲಕ್ಕೆ ವಸುಧಾಳ ಕೈಯಲ್ಲಿ ಕಲಿತವನು, ಎದ್ದು ನಿಂತು ಕುರ್ಚಿ ಹಾಕಿದ. ಜಾಹಿದನ ಕಡೆ ಮಾತ್ರ ನೋಡಲಿಲ್ಲ. ಅವನ ತಾಯಿ ಮರೆವ್ವ ಮಜ್ಜಿಗೆ ತಂದಳು. ಅವಳ ತೋರುಬೆರಳಿಗೆ ಬಟ್ಟೆ ಸುತ್ತಿತ್ತು.

"ಕಾರು ತಂದಾಗ ಪೂಜಾ ಮಾಡಿಸಿದ್ಯೇನು, ಸಂಜೀವ?" ವಸುಧಾ ಕೇಳಿದಳು.

"ನನಗ ಅದೆಲ್ಲಾ ಸೇರಂಗಿಲ್ರಿ ಅಕ್ಕಾರ. ಅವ್ವ ಅಮಾಸಿ ದಿನ ಮುಂದ ಲಿಂಬಿಕಾಯಿ ಕಟ್ಟಿದ್ಲು. ಕಿತ್ತೊಗದೆ."

"ಮರೆವ್ವಾ, ಬೆರಳಿಗೇನಾತ್ರಿ?"

"ತೋಟದಾಗ ಬಳ್ಳಿ ಕಟ್ಟಾಕ ಹೋಗಿದ್ನಿರಿ. ತಂತಿ ಚುಚ್ಚೇತಿ."

ವಸುಧಾ ಮಜ್ಜಿಗೆ ಕುಡಿದು ಮುಗಿಸಿದಳು. ಆಮೇಲೆ, "ಜಾಹಿದ, ಬಂಪರ್ ಬಿಚ್ಚು. ಗೀರು ಬಿದ್ರ ನಾ ಜವಾಬ್ದಾರಿ," ಎಂದಳು. ಕಲಿಸಿದ ಅಕ್ಕಾರ ಮಾತು ಮೀರಲಾರದೆ ಸಂಜೀವಕುಮಾರ ಕಾರನ್ನು ಅಂಗಳದ ಮರದ ಕೆಳಗೆ ತಂದು ನಿಲ್ಲಿಸಿದ.

ಬೇವಿನ ನೆರಳಿನಲ್ಲಿ ಎಲ್ಲರೂ ಸುತ್ತ ನಿಂತರು. ಬಂಪರ್ ಕೆಳಗಿಳಿದಾಗ ರುಕ್ಮಿಣೀಬಾಯಿಯ ಕಣ್ಣಿಗೆ ಮೊದಲು ಬಿದ್ದದ್ದು ತಂತಿಗೆ ಪೋಣಿಸಿದ ಲಿಂಬಿಕಾಯಿ. ಕೆಲವು ಕಪ್ಪಗೆ ಒಣಗಿದ್ದವು, ಒಂದು ಇನ್ನೂ ಹಳದಿ ಇತ್ತು. ತಂತಿಯ ಚೂಪು ತುದಿ ಅದರ ಹಿಂದಿದ್ದ, ಏಸಿಯ ಗ್ಯಾಸು ಹರಿಯುವ ಸಣ್ಣ ಪೈಪುಗಳ ಕಂಡೆನ್ಸರಿಗೆ ಒತ್ತಿಕೊಂಡಿತ್ತು, ಅಲ್ಲಿ ಎಣ್ಣೆ ಜಿನುಗಿ ಧೂಳು ಮೆತ್ತಿತ್ತು. ಜಾಹಿದ ಸಾಬೂನ ನೀರು ಹಚ್ಚಿದ. ಬುಳುಬುಳು ಗುಳ್ಳೆ ಎದ್ದವು.

"ಕೇಳ್ರಿ," ವಸುಧಾ ಹೇಳತೊಡಗಿದಳು. "ತುಂಬಿದ ಕೂಡಲೆ ತಣ್ಣಗಾಗ್ತದ ಅಂದ್ರ ಮಷೀನು ಛಲೋ ಅದ, ಗ್ಯಾಸ್ ಸೋರತದ. ಮ್ಯಾಲೆ ಎಲ್ಲೂ ಇಲ್ಲಂದ್ರ ಜಾಹಿದಗ ನೋಡಗೊಡದ ಜಾಗಾದಾಗ ಇರಬೇಕು. ಇನ್ನ ಉಪ್ಪಿನಕಾಯಿ ವಾಸನಿ. ಪ್ಯಾಟೀದಾಗ ಇರೂದು ತಾಜಾ ಲಿಂಬಿಕಾಯಿ ವಾಸನಿ, ಕಾರಿನಾಗ ಇದ್ದದ್ದು ಬಿಸಿಗೆ ಕೊಳೆತದ್ದು. ಇಂಡಿಯೊಳಗ ಹುಟ್ಟಿದ ಮೂಗಿಗೆ ಲಿಂಬಿ ವಾಸನಿ ವಾಸನೀನs ಅಲ್ಲ, ಅದಕ್ಕs ಯಾರೂ ಹುಡುಕಲಿಲ್ಲ. ಕಟ್ಟಿದ್ದನ್ನ ಮಗಾ ಒಮ್ಮೆ ಕಿತ್ತೊಗದಾನ. ಕಟ್ಟಬೇಕನ್ನಾಕಿ ಎರಡನೇ ಸಲ ಕಾಣದಲ್ಲೇ ಕಟ್ಟತಾಳ. ಮತ್ತ ದ್ರಾಕ್ಷಿ ಬಳ್ಳಿ ಕಟ್ಟೂದು ಸುತಳೀಲೆ, ಚಪ್ಪರದ ತಂತಿಗೆ ಚುಚ್ಚೂ ತುದಿ ಇರೂದಿಲ್ಲ. ಹಂಗಾದ್ರ ಮರೆವ್ವಗ ತಂತಿ ಚುಚ್ಚಿದ್ದು ಎಲ್ಲಿ?"

ಮರೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಬಂಪರಿನ ತಳಗಿಂದ ಕೈ ಹಾಕಿ ಅಮಾಸಿಗೊಮ್ಮೆ ನಾನs ಕಟ್ಟತಿದ್ನಿ. ದಾರ ಹರದು ಬಿದ್ರ ಮಗನ ಕಣ್ಣಿಗೆ ಬೀಳ್ತೈತಂತ ತಂತೀಲೆ ಕಟ್ಟಿದೆ. ಇವರಪ್ಪ ಇದs ಸಿಂದಗಿ ರಸ್ತಾದಾಗ ಗಾಡಿ ಬಡದು ತೀರಿಹ್ವಾದ್ರಿ. ಇಂವ ಮನಿಗೆ ಬರೂತನ ನನಗ ತುತ್ತು ಇಳಿಯಂಗಿಲ್ಲ. ಒಳಗ ಪೈಪ್ ಐತಂತ ನನಗೇನು ಗೊತ್ತರಿ?"

ಸಂಜೀವಕುಮಾರ ತಾಯಿಯ ಬಟ್ಟೆ ಸುತ್ತಿದ ಬೆರಳನ್ನು ಹಿಡಿದು ನೋಡಿದ. "ಆತು ಜಾಹಿದ, ನಂದು ತಪ್ಪಾತು. ಠಾಣೇಕ ಹೋಗಂಗಿಲ್ಲ. ಇದು ಇಲ್ಲೇ ಮುಗೀಲಿ. ಅವ್ವನ ಹೆಸರು ಹೊರಗ ಬರೂದು ಬ್ಯಾಡ."

ಜಾಹಿದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ತಲೆ ತಗ್ಗಿಸಿದ. ರುಕ್ಮಿಣೀಬಾಯಿ ಮೊಣಕಾಲ ನೋವು ಮರೆತು, "ಕಳ್ಳ ಅಂದದ್ದು ಪ್ಯಾಟ್ಯಾಗ, ತಪ್ಪಾತು ಅನ್ನೂದು ಅಂಗಳದಾಗೇನಪಾ?" ಎಂದುಬಿಟ್ಟಳು.

ಸಂಜೀವಕುಮಾರ ಬಿಚ್ಚಿಟ್ಟ ಬಂಪರ್ ಸರಿಸಿಡಲು ಬಾಗಿದ. ಅಷ್ಟರಲ್ಲಿ ಮರೆವ್ವ ಲಿಂಬಿಕಾಯಿ ಸಮೇತ ತಂತಿ ಬಿಚ್ಚಿಕೊಂಡು ಬಿಸಿಲಿಗೆ ಇಳಿದಿದ್ದಳು. ಉಳಿದವರು ಅವಳ ಹಿಂದೆ ನಡೆದರು.

ಬಸ್‌ಸ್ಟ್ಯಾಂಡಿನ ಆ ಚಹಾದಂಗಡಿಯ ಮುಂದೆ ಮಂದಿ ಕೂತಿತ್ತು. ಮರೆವ್ವ ತಂತಿಯನ್ನು ಎತ್ತಿ ಹಿಡಿದಳು. "ನನ್ನ ಮಗನ ಗಾಡಿಗೆ ತೂತು ಮಾಡಿದಾಕಿ ನಾ. ಈ ಜಾಹಿದಂದು ಏನೂ ತಪ್ಪಿಲ್ಲ. ಮಗಾ ಹೇಳಾಕ ನಾಚತಾನ, ಅದಕ್ಕ ನಾ ಬಂದೇನಿ."

"ನಾಚಂಗಿಲ್ಲ ಯವ್ವಾ," ಸಂಜೀವಕುಮಾರ ಮುಂದೆ ಬಂದ. ಜಾಹಿದನ ಹೆಗಲ ಮೇಲೆ ಕೈಯಿಟ್ಟ. "ನಾ ಅಂದದ್ದು ಸುಳ್ಳ್ರಿ. ಇಂವ ಕಳ್ಳ ಅಲ್ಲ."

ಅಂಗಡಿಯವನು ಎಲ್ಲರಿಗಿಂತ ಮೊದಲು ಜಾಹಿದನ ಕೈಗೆ ಚಹಾ ಕೊಟ್ಟ. ಮಧ್ಯಾಹ್ನ ನೀರೂ ಮುಟ್ಟದಿದ್ದ ಜಾಹಿದ ಕಪ್ಪು ಹಿಡಿದುಕೊಂಡು ಅತ್ತುಬಿಟ್ಟ. ಮರೆವ್ವ ಅವನ ಬೆನ್ನು ಸವರಿದಳು. ಕೈಯಲ್ಲಿನ್ನೂ ಆ ತಂತಿ ಇತ್ತು.

"ಅಳಬ್ಯಾಡಪಾ. ಹೊಸಾ ಲಿಂಬಿಕಾಯಿ ಎಲ್ಲಿ ಕಟ್ಟಲಿ, ನೀನs ತೋರಸು."

ಜಾಹಿದ ಅಂಜುತ್ತ ಸಂಜೀವಕುಮಾರನ ಮುಖ ನೋಡಿದ.

"ಒಳಗ ಕನ್ನಡಿಗೆ ಕಟ್ಟು ಯವ್ವಾ," ಎಂದ ಮಗ. "ದಾರದ್ಲೆ."