ನೀರು ಮೂಸಿದ ವರ

ಹೆಣ್ಣು ನೋಡಲು ಬಂದವನು ನೀರು ನೋಡುತ್ತಿದ್ದಾನೆ!

ಉಮಾಶ್ರೀ ತಟ್ಟೆ ಹಿಡಿದು ನಿಂತೇ ಇದ್ದಳು. ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು. ಸಾಗರ ದಾಟಿ ಯೂನಿಯನ್ ಸಿಟಿಗೆ ಬಂದರೂ ಅವಳ ಚಿಕ್ಕಮ್ಮ ಚನ್ನಬಸವ್ವ ಕಾಕು ಈ ಪದ್ಧತಿ ಬಿಟ್ಟಿರಲಿಲ್ಲ. ಆದರೆ ವರ ಮಹಾಂತೇಶ ಬೆಲ್ಲ ಮುಟ್ಟಲಿಲ್ಲ. ಗ್ಲಾಸು ಎತ್ತಿ ಮೂಸಿದ. ಒಂದು ಗುಟುಕು ಬಾಯಲ್ಲಿಟ್ಟು ಕಣ್ಣು ಮುಚ್ಚಿದ. ಮುಖ ಕಿವುಚಿದ...

"ಈ ನೀರು ನಳದ್ದೇನ್ರಿ?"

"ಹೌದ್ರಿ," ಅಂದಳು ಉಮಾ.

"ಒಂದು ಬಾಟ್ಲಿ ತುಂಬಿ ಕೊಡ್ತೀರೇನ್ರಿ? ಮನಿಗೆ ಒಯ್ತೀನಿ."

ಅವನ ಡಾಟ್ ಕಾಮ್ ಕಂಪನಿಯ ಐಪಿಓ ಬಗ್ಗೆ ವಿಚಾರಿಸುತ್ತಿದ್ದ ವೀರಣ್ಣ ಕಾಕಾ ತೆರೆದ ಬಾಯಿ ಮುಚ್ಚಲಿಲ್ಲ.

"ಯಾಕಪಾ?" ಕಾಕು ಕೇಳಿದರು.

ಮಹಾಂತೇಶ ಕಾಕುವಿನ ಹಣೆಯ ವಿಭೂತಿ ನೋಡಿದ. "ಸುಮ್ನ್ರಿ..." ಎಂದು ತಲೆ ತಗ್ಗಿಸಿದ.

ಅವನ ಕಾರು ತಿರುವು ದಾಟುವುದೇ ತಡ, ಕಾಕು ಗ್ಲಾಸು ಹಿಡಿದು ಅದೇ ಕುರ್ಚಿಯಲ್ಲಿ ಕೂತರು. ಮೂಗು ಅರಳಿಸಿ, ಕಣ್ಣು ಮುಚ್ಚಿ, ದನಿ ದಪ್ಪ ಮಾಡಿ, "'ಈ ನೀರು ನಳದ್ದೇನ್ರಿ?' ಅಂತ! ಹುಡುಗಿ ಕೊಟ್ಟ ನೀರು ಮೂಸಿ ಇಟ್ಟಾಂದ್ರ ಹುಡುಗಿ ಬ್ಯಾಡ ಅಂತ. ನಮ್ಮ ಮಾನದ ನೀರು ಇಳಿಸಿ, ಮ್ಯಾಲ ಒಂದು ಬಾಟ್ಲಿ ಪಾರ್ಸಲ್ ಬ್ಯಾರೆ!"

ಉಮಾ ನಕ್ಕಳು. ಕೋಣೆಗೆ ಹೋದ ಮೇಲೆ ನಗು ನಿಂತಿತು.

'ಬೇಡ ಅಂದವನಿಗಾಗಿ ನನಗೇಕೆ ಇಷ್ಟು ಸಂಕಟ?'

ಅವನು ಒಳಗೆ ಬರುವಾಗ, ಯಾರೂ ನೋಡುತ್ತಿಲ್ಲವೆಂದುಕೊಂಡು, ಬಾಗಿಲಲ್ಲಿ ಚೆಲ್ಲಿದ್ದ ಎಲ್ಲರ ಚಪ್ಪಲಿಗಳನ್ನೂ ಜೋಡಿಸಿಟ್ಟಿದ್ದ. ಅವಳು ಕಿಟಕಿಯಿಂದ ನೋಡಿದ್ದಳು. ಮನಸ್ಸು ಅಲ್ಲೇ ಜಾರಿತ್ತು...

ಸೋಮವಾರ, ಎಮರಿವಿಲ್‌ನಲ್ಲಿ ಅವಳು ಕೆಲಸ ಮಾಡುವ ನೀರು ಪರೀಕ್ಷೆಯ ಲ್ಯಾಬಿನ ಕೌಂಟರಿಗೆ ಎರಡು ಬಾಟಲಿ ನೀರು ಬಂದವು. ಹಿಂದೆ ಮಹಾಂತೇಶ!

"ಇಲ್ಲೂ ಹೆಸರಿಡಾಕ ಬಂದೀರೇನ್ರಿ?" ಉಮಾಳ ದನಿ ಕುದಿಯುತ್ತಿತ್ತು.

"ಅಯ್ಯೋ, ಇಲ್ರಿ! ಖರೇ ಹೇಳ್ತೀನಿ, ಬಯ್ಯಬ್ಯಾಡ್ರಿ. ನಾ ಗ್ಯಾರೇಜಿನ್ಯಾಗ ಬೀರು ಮಾಡ್ತೀನಿ. ಪ್ರತಿ ಸಲಾನೂ ದವಾಖಾನಿ ವಾಸನಿ. ಆವತ್ತು ನಿಮ್ಮ ನೀರಿಗೂ ಸಣ್ಣಗ ಅದ ವಾಸನಿ ಬಂತು. ನೀರಿಂದ ತಪ್ಪು ಅಂತ ಆಗ ಹೊಳೀತು. ಕಾಕು ಮುಂದ ಬೀರು ಅನ್ನಾಕ ನಾಲಿಗಿ ಏಳಲಿಲ್ಲ."

"ನೀರು ಕುದಿಸಿದ್ರೇನು?"

"ಅವ್ವ ಕಲಿಸಿದಂಗ ಕುದಿಸಿ, ಆರಿಸಿ, ಅರಿವಿಲೆ ಸೋಸೀನ್ರಿ!"

ಉಮಾಳ ತುಟಿ ಅದುರಿತು. ನಗಬಾರದು... ನಗಬಾರದು! ತನ್ನ ಮನೆಯ ನಳದ ನೀರಿಗೊಂದಿಷ್ಟು, ಅವನು ಕುದಿಸಿ ತಂದ ನೀರಿಗೊಂದಿಷ್ಟು ಪರೀಕ್ಷೆಯ ಪುಡಿ ಹಾಕಿದಳು. ಎರಡೂ ಗುಲಾಬಿ ಬಣ್ಣಕ್ಕೆ ತಿರುಗಿದವು.

"ನೋಡ್ರಿ. ಬರೇ ಕ್ಲೋರಿನ್ ಆಗಿದ್ರ ಕುದಿಸಿದ್ದು ಗುಲಾಬಿ ಆಗ್ತಿರಲಿಲ್ಲ. ಇದು ನಳದ ನೀರಿಗೆ ಹಾಕೂ ಕ್ಲೋರಮೈನ್ ಅನ್ನೂ ಔಷಧ. ನಮ್ಮ ಅವ್ವಂದಿರ ಕುದಿತಕ್ಕ ಇದು ಬಗ್ಗಂಗಿಲ್ಲ. ಬೀರು ಮಾಡೂ ಸಾಮಾನಿನ ಅಂಗಡ್ಯಾಗ ಇದಕ್ಕೊಂದು ಗುಳಿಗಿ ಸಿಗ್ತೈತಿ."

"ಒಂದು ಗುಳಿಗಿ! ಅದಕ್ಕ ಇಷ್ಟು ಪರದಾಟ?" ಅವನು ನಕ್ಕ. ಆಮೇಲೆ ಮೆಲ್ಲಗೆ, "ಉಮಾ ಅವ್ರ... ನಾ ನಿಮ್ಮನ್ನ ಬ್ಯಾಡ ಅಂದಿಲ್ಲ."

ಅವಳ ಕಣ್ಣು ತುಂಬಿತು. ಆದರೂ ಗಟ್ಟಿಯಾಗಿ ಹೇಳಿದಳು: "ನನಗ ಹೇಳಿದ್ದು ಕಾಕು ಮುಂದ ಹೇಳ್ರಿ. ಬೀರು ಅನ್ನೂ ಪದ ಬಿಡದ. ಮುಚ್ಚಿಟ್ಟು ಆಗೂ ಮದುವಿ ನನಗ ಬ್ಯಾಡ."

ಶನಿವಾರ ಅವನು ಬಂದ. ಕೂರಲೂ ಇಲ್ಲ. ನಿಂತೇ ಎಲ್ಲ ಹೇಳಿದ. ಉಮಾ ಸೆರಗಿನ ತುದಿ ಬೆರಳಿಗೆ ಸುತ್ತಿ ಸುತ್ತಿ ಬಿಗಿದಳು. 'ಕಾಕು ಇಲ್ಲ ಅಂದುಬಿಟ್ಟರೆ...?'

"ಎಷ್ಟು ಕುಡೀತೀಪಾ?" ವೀರಣ್ಣ ಕೇಳಿದರು.

"ಕುಡಿಯೂ ಹಂಗ ಇನ್ನೂ ಒಂದೂ ಆಗಿಲ್ಲ ಕಾಕಾ!"

ಬೀರಿನ ಹೆಸರು ಕೇಳಿದರೆ ಸಿಡಿಯುವ ವೀರಣ್ಣ ಮೀಸೆಯಡಿಯಲ್ಲೇ ನಗು ಬೀರಿದರು. ಕಾಕು ನಗಲಿಲ್ಲ.

"ಈ ಮನ್ಯಾಗ ಅದು ಬರೂ ಹಂಗಿಲ್ಲ."

"ತರಂಗಿಲ್ರಿ."

"ನನಗ ಇದು ಸೇರಂಗಿಲ್ಲ, ಸ್ಪಷ್ಟ ಹೇಳ್ತೀನಿ. ಆದ್ರ ಮುಚ್ಚಿಟ್ಟು ತಾಳಿ ಕಟ್ಟಿದವರನ್ನ ಭಾಳ ಮಂದಿ ನೋಡೀನಿ. ಮೊದಲ ಹೇಳಿ ಆಮ್ಯಾಲ ಹೆಣ್ಣು ಕೇಳಾಂವ ನೀನ ಮೊದಲ್ನೇದಾಂವ." ಕಾಕು ಎದ್ದರು. "ಉಳದದ್ದು ಹುಡುಗೀನ್ನ ಕೇಳು. ನಾ ರೊಟ್ಟಿ ಬಡೀತೀನಿ."

ಹಿತ್ತಲಲ್ಲಿ ಕಡಲ ಕೊಲ್ಲಿಯ ಕಡೆಯಿಂದ ತಂಪು ಗಾಳಿ. ಇಬ್ಬರೂ ನಿಂಬೆ ಗಿಡವನ್ನೇ ನೋಡುತ್ತ ನಿಂತರು.

"ನಾ ಒಂದು ಗುಟುಕೂ ಮುಟ್ಟಂಗಿಲ್ಲ," ಉಮಾ ಅಂದಳು.

"ಬ್ಯಾಡ್ರಿ."

"ನೀವು ಮಿತಿ ಮೀರಿದ್ರ ಜಗಳಾ ಮಾಡ್ತೀನಿ."

"ಮಾಡ್ರಿ... ದಿನಾ ಮಾಡ್ರಿ."

"ದಿನಾ ಮಾಡಬೇಕಂದ್ರ ಒಂದ ಮನ್ಯಾಗ ಇರಬೇಕಾಗ್ತೈತಿ."

ಅವನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಕಿವಿ ಕೆಂಪಾದವು.

"ಅಂದ್ರ... ನೀವು ಹೂಂ ಅಂದಂಗೇನ್ರಿ?"

ಉಮಾ ಅವನ ಕೈಬೆರಳು ಹಿಡಿದಳು. "ಇನ್ನೂ ಅನುಮಾನ ಏನು? ನಡೀರಿ, ರೊಟ್ಟಿ ಆರತಾವು."