ಶನಿವಾರ ಆರು ಗಂಟೆಯ ಸರದಿ

ಶನಿವಾರ ಸಂಜೆ ಏಳಕ್ಕೆ ಹನ್ನೆರಡನೇ ಮನೆಯ ನೀರು ಕೆಳಮನೆಯ ಛಾವಣಿಯನ್ನು ಕೆಡವಿತು. ಕಟ್ಟಡದ ಮೇಲ್ವಿಚಾರಕ ಪಾವೊ ಓಡಿಬಂದು ಬಾಗಿಲು ತೆರೆದ. ಅಡುಗೆಮನೆಯ ಕಿಟಕಿ ಹಾರುಹೊಡೆದಿತ್ತು, ಹೆಪ್ಪುಗಟ್ಟಿದ ಕೊಳವೆ ಸೀಳಿತ್ತು. ಫಿನ್‌ಲೆಂಡಿನ ಟಾಂಪೆರೆ ಊರಿನ ಜನವರಿ ಗಾಳಿಗೆ ಅವನ ಒದ್ದೆ ಕೂದಲು ಕಡ್ಡಿಯಂತೆ ಸೆಟೆಯಿತು.

"ಬಾಡಿಗೆಯವಳ ಕೆಲಸ," ಎಂದ ಹಿಂದೆಯೇ ಬಂದ ಮಾಲೀಕ ರಾಂತಾಕೊಸ್ಕಿ. ಅವನ ಬೆರಳಲ್ಲಿ ತಿರುಗುತ್ತಿದ್ದ ಗೊಂಚಲಲ್ಲಿ ಕೀಲಿಗಳ ಜೊತೆ ಒಂದು ಹಿತ್ತಾಳೆಯ ಹಿಡಿಯೂ ಇತ್ತು.

ಮನೆ ಖಾಲಿಯಿದ್ದರೆ ವಿಮೆಯವರು ಪರಿಹಾರ ಕೊಡುವುದಿಲ್ಲ. ಬಾಡಿಗೆಯವರಿದ್ದರೆ ಕೊಡುತ್ತಾರೆ, ತಪ್ಪು ಬಾಡಿಗೆಯವರದಾದರೆ ಅವರಿಂದ ವಸೂಲಿ ಮಾಡುತ್ತಾರೆ. ನಷ್ಟ ಮೂವತ್ತು ಸಾವಿರ ಯೂರೊ. ಬೇಕರಿಯಲ್ಲಿ ದುಡಿಯುವ ಬಾಡಿಗೆಯವಳು ಸೆನ್ಯಾ, ತಾನು ನವೆಂಬರಿನಲ್ಲೇ ಮನೆ ಬಿಟ್ಟು ಕೀಲಿಯನ್ನು ಮಾಲೀಕನ ಕೈಗಿತ್ತೆ ಎಂದಳು. ಅದಕ್ಕೆ ಕಾಗದವಿರಲಿಲ್ಲ.

ಮೂರು ವಾರದ ನಂತರ ಆವುನೆ ಎಲ್ಲರನ್ನೂ ನೆಲಮಾಳಿಗೆಯ ಸೌನಾದ ಹೊರಕೋಣೆಗೆ ಕರೆಸಿದಳು. ಸೌನಾ ಎಂದರೆ ಕಟ್ಟಡದ ಬಿಸಿಹಬೆಯ ಸ್ನಾನದ ಕೋಣೆ, ವಾರಕ್ಕೊಮ್ಮೆ ಒಂದೊಂದು ಮನೆಗೆ ಒಂದು ಗಂಟೆಯ ಸರದಿ. ಎರಡನೇ ಮಹಡಿಯ ಈ ನಿವೃತ್ತ ರಸಾಯನಶಾಸ್ತ್ರ ಶಿಕ್ಷಕಿ ಕಟ್ಟಡದ ಎಷ್ಟೋ ಒಗಟು ಬಿಡಿಸಿದ್ದಳು. ಪ್ರತಿಸಲವೂ ಪಾವೊ ಜೊತೆಗಿದ್ದ.

"ಸೆನ್ಯಾನ ಕೊನೇ ಸಲ ಯಾವಾಗ ನೋಡಿದ್ರಿ?" ಎಂದು ರಾಂತಾಕೊಸ್ಕಿಯನ್ನು ಕೇಳಿದಳು.

"ನೀರು ನುಗ್ಗಿದ ಶನಿವಾರಾನೇ ಟೀಚರ್. ಆರು ಗಂಟೆಗೆ ಟವೆಲ್ ಹಾಕ್ಕೊಂಡು ಈ ಸೌನಾಗೆ ಇಳಿದ್ಳು. ಹನ್ನೆರಡನೇ ಮನೆ ಸರದಿ, ಗೋಡೆ ಮೇಲೇ ಬರೆದಿದೆಯಲ್ಲ."

"ಪಾವೊ, ನಿನ್ನ ಸರದಿ ಬುಧವಾರ. ಅವತ್ತು ನೀನು ಮೆಟ್ಟಿಲು ಹತ್ತಿ ಓಡಿದ್ದನ್ನ ನೋಡ್ದೆ. ಆಗ್ಲೇ ನಿನ್ನ ತಲೆ ಯಾಕೆ ಒದ್ದೆಯಾಗಿತ್ತು?"

ಪಾವೊ ನೆಲ ನೋಡಿದ. ಆ ಕಟ್ಟಡದಲ್ಲಿ ಇನ್ನೊಬ್ಬರ ಸೌನಾ ಸರದಿ ಕದಿಯುವುದಕ್ಕಿಂತ ಜೇಬು ಕತ್ತರಿಸುವುದು ಮೇಲು.

"ಆರಕ್ಕೆ ಒಳಗಿದ್ದಿದ್ದು ನಾನು. ಒಬ್ನೇ. ಡಿಸೆಂಬರಿಂದ ಪ್ರತಿ ಶನಿವಾರ. ಮನೆ ಖಾಲಿ ಇತ್ತಲ್ಲ, ಸರದಿ ದಂಡ ಆಗುತ್ತೆ ಅಂತ..."

"ಇನ್ನು ಕಿಟಕಿ," ಎಂದಳು ಆವುನೆ. "ಇಲ್ಲಿ ಹಿಡಿ ಸಿಕ್ಕಿಸದೆ ಕಿಟಕಿ ತೆಗೆಯೋಕಾಗಲ್ಲ. ಮನೆಗೆ ಒಂದೇ ಹಿಡಿ. ಸೆನ್ಯಾ ಅದನ್ನ ಕೀಲಿ ಜೊತೆ ಒಪ್ಪಿಸಿದ್ಳು. ಕಿಟಕಿ ತೆಗೆದವರು ಅಭ್ಯಾಸದಂತೆ ಹಿಡಿ ಕಳಚ್ಕೊಂಡು ಹೋದ್ರು. ಅದು ನಿಮ್ಮ ಬೆರಳಲ್ಲೇ ಇದೆ, ರಾಂತಾಕೊಸ್ಕಿ."

ಗೊಂಚಲು ನಿಂತಿತು.

"ಎರಡು ತಿಂಗಳು ಬಾಡಿಗೆ ಬರಲಿಲ್ಲ," ಎಂದ ರಾಂತಾಕೊಸ್ಕಿ. "ಬ್ಯಾಂಕಿನವ್ರು ಕಂತಿಗೆ ರಜೆ ಕೊಡ್ತಾರಾ?"

ಸೆನ್ಯಾ ಅವನತ್ತ ತಿರುಗಲೂ ಇಲ್ಲ. ಪಾವೊನನ್ನೇ ನೋಡುತ್ತಿದ್ದಳು. "ಮೂರು ವಾರ ಎಲ್ರೂ ನನ್ನನ್ನ ಸುಳ್ಳಿ ಅಂದ್ರು. ಆ ಮನೇಲಿ ನಾನಿಲ್ಲ ಅಂತ ನಿಮಗೆ ಗೊತ್ತಿತ್ತು."

ಅವಳು ಹೊರಟುಹೋದಳು. ಒಬ್ಬೊಬ್ಬರಾಗಿ ಉಳಿದವರೂ ಹೋದರು.

"ಟೀಚರ್, ನಿಮಗೆ ಯಾವಾಗ ತಿಳೀತು?"

"ಮೊದಲ ದಿನಾನೇ. ನೀನೇ ಬಾಯಿ ಬಿಡ್ತೀಯ ಅಂತ ಕಾದೆ."

ಪಾವೊ ಸೌನಾದಲ್ಲಿ ತನಗಾಗಿ ಕಾದಿದ್ದ ಒಲೆಯ ಸ್ವಿಚ್ ಆರಿಸಿದ. ಅಂದೂ ಶನಿವಾರ, ಆರಕ್ಕೆ ಹತ್ತು ನಿಮಿಷವಿತ್ತು.